ಹೊಳೆ ನೀರು ಸುಮ್ನೆ ಸಮುದ್ರಕ್ಕೆ ಹೋಗುವುದಲ್ಲ

(ಶಿರಸಿಯಲ್ಲಿ ಕೃಷಿಕರು, ಶಿಕ್ಷಕರು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಬಟ್ಟಲು ಇಟ್ಟಿದ್ದೇನೆ. ಅದರಲ್ಲಿ ಒಂದು ಹಿಡಿ ಚಿಪ್ಪು ಇದೆ. ಮೊನ್ನೆ ಅಘನಾಶಿನಿ ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಜಾಗದಿಂದ ತಂದದ್ದು. ದಯವಿಟ್ಟು ಒಂದೊಂದು ತೆಗೆದುಕೊಂಡು ಬಟ್ಟಲನ್ನು ಪಕ್ಕದವರಿಗೆ ದಾಟಿಸಿ. ನಾನು ಮಾತಾಡುವಷ್ಟು ಹೊತ್ತು ಅದು ನಿಮ್ಮ ಅಂಗೈಯಲ್ಲಿ ಇರಲಿ.

ನಮ್ಮ ಕುಮಟಾ ಕಡೆ ಇದಕ್ಕೆ ಬಳಚು ಅನ್ನುತ್ತೇವೆ. ಕೆಲವರ ಬಾಯಲ್ಲಿ ಬೆಳಚು. ಕೊಂಕಣಿಯವರಿಗೆ ತಿಸ್ರೆ, ಮಂಗಳೂರಿನವರಿಗೆ ಮರುವಾಯಿ. ನಿಮ್ಮಲ್ಲಿ ಹಲವರು ಇದನ್ನು ತಿನ್ನುವವರಲ್ಲ, ಗೊತ್ತು. ಆದರೂ ಇದು ನಿಮ್ಮ ಮನೆಗೆ ಬಂದಿದೆ. ಎಲೆಅಡಿಕೆಯ ಕವಳಕ್ಕೆ ಹಚ್ಚುವ ಚಿಪ್ಪಿಸುಣ್ಣ ಇಂಥ ಚಿಪ್ಪುಗಳನ್ನು ಸುಟ್ಟು ಮಾಡಿದ್ದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬಾರದಿರಲಿ ಅಂತ ಮೈಲುತುತ್ತದ ಜೊತೆ ಕಲಸುವ ಸುಣ್ಣವೂ ಎಷ್ಟೋ ಕಡೆ ಇದೇ. ನಿಮ್ಮಿಂದ ನಮಗೆ ನೀರು ಇಳಿದು ಬರುತ್ತದೆ, ನಮ್ಮಿಂದ ನಿಮಗೆ ಸುಣ್ಣ ಘಟ್ಟ ಹತ್ತಿ ಬರುತ್ತದೆ.

ಸಮುದ್ರದ ಜೀವಿಗಳಿಗೆ ಮನುಷ್ಯರಿಂದ ಆಗುವ ತೊಂದರೆ ಬಗ್ಗೆ ಮಾತಾಡಿ ಅಂತ ಇಲ್ಲಿಯವರು ಕರೆದರು. ಒಳಗೆ ಬರುವಾಗ ಒಬ್ಬರು ಬಾಗಿಲಲ್ಲೇ ಕೇಳಿದರು: 'ಅದಕ್ಕೂ ಶಿರಸಿಗೂ ಏನು ಸಂಬಂಧ?' ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲಿಕ್ಕೇ ನಾನು ಘಟ್ಟ ಹತ್ತಿದ್ದು.

ನಿಮ್ಮ ಊರಿನ ಶಂಕರಹೊಂಡದಲ್ಲಿ ದೋಣಿಹಳ್ಳ ಹುಟ್ಟುತ್ತದೆ. ಮಂಜುಗುಣಿ ಕಡೆಯಿಂದ ಬಕುರಹೊಳೆ ಬರುತ್ತದೆ. ಎರಡೂ ಸೇರಿ ಅಘನಾಶಿನಿ. ಉಂಚಳ್ಳಿಯಲ್ಲಿ ಧುಮುಕಿ, ಕಣಿವೆಯಲ್ಲಿ ನುಸುಳಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲಿಗೆ ಸೇರುತ್ತದೆ. ಇಷ್ಟು ದಾರಿಯಲ್ಲಿ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಕಾಳಿಗೆ ಇದೆ, ಶರಾವತಿಗೆ ಇದೆ. ಇದಕ್ಕಿಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಬಳಚು ಅಂದರೆ ಮೃದ್ವಂಗಿ, ಎರಡು ಚಿಪ್ಪು, ಒಂದು ಕಾಲು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದೆ. ಆದರೆ ನಿಜವಾಗಿ ಕಲಿತದ್ದು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯಿಂದ. ಅವರು ಐಗಳಕುರ್ವೆ ಕಡೆಯವರು. ಕುರ್ವೆ ಅಂದರೆ ಹೊಳೆಯ ನಡುವಿನ ದ್ವೀಪ. 'ಇಳಿತಕ್ಕೆ ಹೋಗ್ತೇನೆ, ಬರ್ತೀರಾ ಅಕ್ಕೋರೇ' ಅಂತ ಒಂದು ದಿನ ಕರೆದರು. ಹೋದೆ.

ನೀರು ಇಳಿದಿತ್ತು. ಮೈಲಿಗಟ್ಟಲೆ ಬೂದು ಬಣ್ಣದ ಕೆಸರು ಮಿನುಗುತ್ತಿತ್ತು. ನಾನು ಬಗ್ಗಿ ಬಗ್ಗಿ ಕಣ್ಣಲ್ಲಿ ಹುಡುಕುತ್ತಿದ್ದೆ. ಒಂದೂ ಕಾಣಲಿಲ್ಲ. ಅವರು ಸೀರೆ ಎತ್ತಿಕಟ್ಟಿ, ಸೊಂಟಕ್ಕೆ ಬುಟ್ಟಿ ಆನಿಸಿಕೊಂಡು, ಹೆಜ್ಜೆ ಎತ್ತದೆ ಕಾಲು ಸವರುತ್ತಾ ಹೋಗುತ್ತಿದ್ದರು. 'ಕಣ್ಣಲ್ಲಿ ನೋಡಿರೆ ಸಿಕ್ಕೂದಿಲ್ಲ ಅಕ್ಕೋರೇ, ಕಾಲಿಗೆ ಗೊತ್ತಾಗ್ತದೆ' ಅಂದರು. ಹೆಬ್ಬೆರಳು ಒಂದು ಕಡೆ ನಿಂತಿತು. ಬಗ್ಗಿದರು, ಮಣಿಕಟ್ಟು ಮುಳುಗುವಷ್ಟು ಕೈ ಇಳಿಸಿದರು, ಮೂರು ಬಳಚು ತೆಗೆದರು. ಎರಡು ಬುಟ್ಟಿಗೆ ಹೋಯಿತು. ಮೂರನೆಯದು ನನ್ನ ಉಗುರಿನಷ್ಟಿತ್ತು. ಅದನ್ನು ತೆಗೆದ ಜಾಗದಲ್ಲೇ ಒತ್ತಿ, ಮೇಲೆ ಕೆಸರು ಸವರಿದರು. ಮಗುವಿಗೆ ಹೊದಿಕೆ ಎಳೆದ ಹಾಗೆ.

ಆಮೇಲೆ ತೋರಿಸಿದರು. ಕೆಸರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಜೋಡಿ ತೂತು ಇರುತ್ತದೆ. ಬಳಚು ಕೆಳಗೆ ಕೂತು ಎರಡು ನಳಿಗೆ ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ನೀರಿನ ಪಾಚಿ, ಕಸ, ಹೂಳು ಎಲ್ಲ ಸೋಸಿಕೊಳ್ಳುತ್ತದೆ. ನಾನು ಹತ್ತು-ಹದಿನೈದು ಜೀವಂತ ಬಳಚು ಮನೆಗೆ ತಂದೆ. ಎರಡು ಗಾಜಿನ ಪಾತ್ರೆಯಲ್ಲಿ ಅದೇ ಹೊಳೆಯ ಬಗ್ಗಡ ನೀರು ತುಂಬಿದೆ. ಒಂದಕ್ಕೆ ಮಾತ್ರ ಬಳಚು ಹಾಕಿದೆ. ಅಡುಗೆ ಮುಗಿಸಿ ಬಂದು ನೋಡಿದರೆ ಬಳಚಿನ ಪಾತ್ರೆಯ ಆಚೆ ಇಟ್ಟ ಪುಸ್ತಕದ ಅಕ್ಷರ ಓದಲು ಬರುತ್ತಿತ್ತು. ಇನ್ನೊಂದು ಪಾತ್ರೆಯಲ್ಲಿ ಬಗ್ಗಡ ಹಾಗೇ ಇತ್ತು. ಆ ಎರಡು ಪಾತ್ರೆಗಳನ್ನು ಮರುವಾರ ತರಗತಿಗೆ ಒಯ್ದೆ. ನಾನು ಮಾಡಿದ ಎಲ್ಲ ಪಾಠಗಳಲ್ಲಿ ಮಕ್ಕಳು ಇವತ್ತಿಗೂ ನೆನಪಿಟ್ಟಿರುವುದು ಅದೊಂದೇ.

ಅವತ್ತು ಆ ತಾಯಿ ಇನ್ನೊಂದು ಮಾತು ಹೇಳಿದರು. 'ನೀರು ಚಪ್ಪೆ ಆದ್ರೆ ಇದು ಬಾಯಿ ಬಿಡೂದಿಲ್ಲ.' ಇಡೀ ಅಳಿವೆಯ ವಿಜ್ಞಾನ ಈ ಒಂದು ಸಾಲಿನಲ್ಲಿ ಇದೆ ಅಂತ ನನಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೂನ್‌ನಲ್ಲಿ ನಿಮ್ಮಲ್ಲಿ ಮಳೆ ಹಿಡಿಯುತ್ತದೆ. ಕೆಂಪು ನೀರು ಭರ್ರನೆ ಇಳಿದು ಬರುತ್ತದೆ. ಅಳಿವೆಯ ಉಪ್ಪೆಲ್ಲ ಹೊರಗೆ ದೂಡಿಹೋಗುತ್ತದೆ. ನೀರು ಚಪ್ಪೆ. ಬಳಚು ಚಿಪ್ಪು ಬಿಗಿದುಕೊಂಡು ಕೆಸರಲ್ಲಿ ಕಾಯುತ್ತದೆ. ಬಹಳಷ್ಟು ಸಾಯುತ್ತವೆ, ಅದೂ ನಿಜ. ಆದರೆ ಆ ಕೆಂಪು ನೀರೇ ಹೊಸ ಹೂಳು ತರುತ್ತದೆ, ಕಾಡಿನ ಕೊಳೆತ ಎಲೆಯ ಸಾರ ತರುತ್ತದೆ. ನವರಾತ್ರಿ ಹೊತ್ತಿಗೆ ಮಳೆ ಕಮ್ಮಿಯಾಗುತ್ತದೆ. ದಿನಕ್ಕೆ ಎರಡು ಸಲ ಭರತ ಏರಿ, ಕಡಲ ಉಪ್ಪು ಮೆಲ್ಲಗೆ ಒಳಗೆ ಬರುತ್ತದೆ. ಮೊದಲು ತದಡಿ, ಆಮೇಲೆ ಮಿರ್ಜಾನ, ದಿವಗಿ. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಳಿವೆಯಲ್ಲಿ ಅಷ್ಟಿಲ್ಲ, ಒಳಗೆ ಹೋದ ಹಾಗೆ ಕಡಿಮೆ. ಬಳಚಿನ ಜಾತಿಗಳೂ ಈ ಉಪ್ಪಿನ ಪ್ರಕಾರವೇ ಜಾಗ ಹಂಚಿಕೊಂಡಿವೆ. ಜಾಸ್ತಿ ಉಪ್ಪು ಬೇಕಾದದ್ದು ಅಳಿವೆ ಬಾಗಿಲ ಹತ್ತಿರ, ಕಡಿಮೆ ಸಾಕಾದದ್ದು ಒಳಗೆ. ಮೊಟ್ಟೆ, ವೀರ್ಯ ನೀರಿಗೇ ಬಿಡುತ್ತವೆ. ಹುಟ್ಟಿದ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಕೆಲವು ದಿನ ನೀರಲ್ಲಿ ತೇಲಿ, ಆಮೇಲೆ ಒಂದು ಮರಳು ಕಣದ ಗಾತ್ರಕ್ಕೆ ಬಂದು ತಳಕ್ಕೆ ಇಳಿದು ಊರುತ್ತದೆ. ಆ ಹೊತ್ತಿಗೆ ಉಪ್ಪು ಹದವಾಗಿರಬೇಕು.

ಅಂದರೆ ಇದಕ್ಕೆ ನಾಲ್ಕು ತಿಂಗಳ ಚಪ್ಪೆ ನೀರೂ ಬೇಕು, ಎಂಟು ತಿಂಗಳ ಉಪ್ಪು ನೀರೂ ಬೇಕು. ಎರಡೂ ತನ್ನ ತನ್ನ ಕಾಲಕ್ಕೇ ಬರಬೇಕು. ಆ ಕ್ರಮ ಇನ್ನೂ ಉಳಿದಿರುವುದರಿಂದಲೇ ಅಘನಾಶಿನಿಯಲ್ಲಿ ಬಳಚು ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಿಂದೆ ಇಲ್ಲಿ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ಜನ ತೆಗೆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಅದರಿಂದ ನೇರ ಸಂಪಾದನೆ ಎಂದು. ಬಂಡವಾಳ ಎಷ್ಟು? ಒಂದು ಬುಟ್ಟಿ, ಎರಡು ಕಾಲು. ಡೀಸೆಲ್ ಬೇಡ, ಸಾಲ ಬೇಡ. ಗಂಡ ತೀರಿಹೋದ ಹೆಂಗಸರು ಇದರಲ್ಲೇ ಮಕ್ಕಳನ್ನು ಓದಿಸಿದ್ದನ್ನು ನಾನು ಕಂಡಿದ್ದೇನೆ. ಆ ಮಕ್ಕಳು ನನ್ನ ತರಗತಿಯಲ್ಲೇ ಕೂತಿದ್ದವರು.

ಈಗ ಇಪ್ಪತ್ತು ಕಿಲೋಮೀಟರ್ ತೆಂಕಕ್ಕೆ ಹೋಗೋಣ. ಹೊನ್ನಾವರ. ಶರಾವತಿ ಅಳಿವೆ. ಅದೇ ಕಡಲು, ಅದೇ ಮಳೆ, ಹೆಚ್ಚು ಕಡಿಮೆ ಅದೇ ಮಣ್ಣು. ಅಲ್ಲಿಯ ಹಿರಿಯರನ್ನು ಮಾತಾಡಿಸಿದರೆ ಒಂದು ಕಾಲದಲ್ಲಿ ತಮ್ಮಲ್ಲೂ ಬೇಕಾದಷ್ಟು ಬಳಚು, ಕಲ್ಲಿಗೆ ಅಂಟುವ ಚಿಪ್ಪು ಇತ್ತು ಅನ್ನುತ್ತಾರೆ. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಮಳೆಗಾಲದ ನೀರು ಮೇಲೆ ನಿಲ್ಲುತ್ತದೆ. ವಿದ್ಯುತ್ ಮಾಡಿದ ಮೇಲೆ ಅದನ್ನು ವರ್ಷಪೂರ್ತಿ ಕೆಳಗೆ ಬಿಡುತ್ತಾರೆ. ಮಾರ್ಚ್‌ನಲ್ಲೂ ಸಿಹಿನೀರು, ಏಪ್ರಿಲ್‌ನಲ್ಲೂ ಸಿಹಿನೀರು. ಭರತ ತರುವ ಉಪ್ಪನ್ನು ಅದು ಒಳಗೆ ಬರಲಿಕ್ಕೇ ಬಿಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡು ಅಳಿವೆಗಳನ್ನೂ ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಉಪ್ಪು ತೀರಾ ಇಳಿದಿದೆ, ಉಪ್ಪು ಬಯಸುವ ಚಿಪ್ಪುಜೀವಿಗಳು ಅದರ ಜೊತೆಗೇ ಇಳಿದಿವೆ.

ಇದನ್ನು ಹೇಳುವಾಗ ನನಗೆ ಕಷ್ಟವಾಗುತ್ತದೆ. ಶರಾವತಿಯ ಕರೆಂಟಿನಲ್ಲೇ ನಾನು ಓದಿದ್ದು. ನಾಡಿಗೆ ಬೆಳಕು ಕೊಟ್ಟ ಹೊಳೆ ಅದು. ಅದಕ್ಕಾಗಿ ಮುಳುಗಿದ ಊರುಗಳ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮುಳುಗಿದ ಮನೆ, ಗದ್ದೆ, ತೋಟದ ಲೆಕ್ಕವನ್ನಾದರೂ ಯಾರೋ ಬರೆದರು. ಹೊನ್ನಾವರದ ಬಳಚಿನ ಲೆಕ್ಕ ಬರೆಯಬೇಕು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಬುಟ್ಟಿ ಹಿಡಿದು ಇಳಿತಕ್ಕೆ ಹೋಗಿ ಬರಿಗೈಯಲ್ಲಿ ಬಂದ ಹೆಂಗಸರಿಗೂ, ಮೇಲೆ ಘಟ್ಟದಲ್ಲಿ ಕಟ್ಟಿದ ಅಣೆಕಟ್ಟಿಗೂ ನಂಟು ಇದೆ ಅಂತ ತಿಳಿಯಲೂ ಇಲ್ಲ.

ಈಗ ಆ ಮಾತಿಗೆ ಬರುತ್ತೇನೆ. 'ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ.' ಎಷ್ಟು ಸಲ ಕೇಳಿದ್ದೀರಿ ಇದನ್ನು? ಬೇಡ್ತಿಯನ್ನು ವರದೆಗೆ ಜೋಡಿಸುವ ಯೋಜನೆ, ಅಘನಾಶಿನಿಯನ್ನು ಬಯಲುಸೀಮೆಯ ವೇದಾವತಿಗೆ ಒಯ್ಯುವ ಯೋಜನೆ, ಎಲ್ಲದರ ಹಿಂದೆ ಇದೇ ಮಾತು. ನೀವು ಶಿರಸಿಯವರು ಇದರ ವಿರುದ್ಧ ದನಿ ಎತ್ತಿದ್ದೀರಿ. ಕಾಡು ಹೋಗುತ್ತದೆ, ತೋಟ ಹೋಗುತ್ತದೆ, ಗುಡ್ಡ ಕುಸಿಯುತ್ತದೆ ಅಂದಿರಿ. ಎಲ್ಲವೂ ಸರಿ. ಆ ಪಟ್ಟಿಗೆ ನಿಮ್ಮ ಕೈಯಲ್ಲಿರುವ ಚಿಪ್ಪನ್ನೂ ಸೇರಿಸಿಕೊಳ್ಳಿ ಅಂತ ಕೇಳಲು ಬಂದಿದ್ದೇನೆ.

ಸಮುದ್ರಕ್ಕೆ ಹೋಗುವ ನೀರು ಏನೇನು ಒಯ್ಯುತ್ತದೆ ನೋಡಿ. ಸೀಗಡಿಯನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಶೆಟ್ಲಿ. ಬೆಲೆ ಬಾಳುವ ಹಲವು ಜಾತಿಯ ಶೆಟ್ಲಿಗಳು ಮೊಟ್ಟೆ ಇಡುವುದು ಕಡಲಲ್ಲಿ. ಅದರ ಮರಿ ಕೂದಲಿನಷ್ಟು ತೆಳ್ಳಗಿರುವಾಗ ಭರತದ ಮೇಲೆ ಕೂತು ಅಳಿವೆ ಒಳಗೆ ಬರುತ್ತದೆ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳ ಸಂದಿಯಲ್ಲಿ ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು, ಕೊಳೆತ ಎಲೆ ತಿಂದು ಬೆಳೆಯುತ್ತದೆ. ಕೆಲವು ತಿಂಗಳಾದ ಮೇಲೆ ಮತ್ತೆ ಕಡಲಿಗೆ. ಅಲ್ಲಿ ಟ್ರಾಲರ್ ಬಲೆಗೆ ಬಿದ್ದು, ಮಂಜುಗಡ್ಡೆಯಲ್ಲಿ ಕೂತು, ಹೊರದೇಶಕ್ಕೆ ಹೋಗುತ್ತದೆ. ಬಂದರಿನಲ್ಲಿ ಅದನ್ನು ಕಡಲ ಸಂಪತ್ತು ಅಂತ ಬರೆದುಕೊಳ್ಳುತ್ತಾರೆ. ಆದರೆ ಅದು ಬೆಳೆದದ್ದು ಅಳಿವೆಯಲ್ಲಿ, ನಿಮ್ಮ ಬೆಟ್ಟದ ಸೊಪ್ಪಿನ ಸಾರದಲ್ಲಿ. ಏಡಿ, ಮಡ್ಲೆ, ಹೂಮೀನು ಹೀಗೆ ಅಳಿವೆಯನ್ನು ತೊಟ್ಟಿಲು ಮಾಡಿಕೊಂಡ ಜೀವಿಗಳು ಇನ್ನೂ ಎಷ್ಟೋ ಇವೆ.

ಕಾಂಡ್ಲಾ ಅಂದೆನಲ್ಲ. ಅದರದ್ದು ಬೇರೆಯೇ ಕತೆ. ಅಳಿವೆಯ ದಡದಲ್ಲಿ ಗಜನಿ ಭೂಮಿ ಇದೆ. ಉಪ್ಪುನೀರಿನ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ನೆರೆಗೂ ಜಗ್ಗದ, ಉಪ್ಪಿಗೂ ಜಗ್ಗದ ಭತ್ತ. ಆಳೆತ್ತರ ಬರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟು ಮೀನು, ಶೆಟ್ಲಿ ಹಿಡಿಯುತ್ತಿದ್ದರು. ಊರವರು ಪ್ರತಿ ವರ್ಷ ಮಣ್ಣಿನ ಕಟ್ಟು ಹಾಕುತ್ತಿದ್ದರು. ಅಲೆ ತಡೆಯಲು ಕಟ್ಟಿನ ಹೊರಗೆ ಕಾಂಡ್ಲಾ ಬೇಕಿತ್ತು, ಹಾಗಾಗಿ ಅದನ್ನು ಕಾದುಕೊಂಡರು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಗಟ್ಟಿ ಕಟ್ಟು ಕಟ್ಟಿತು. ಕಾಂಡ್ಲಾ ಇನ್ನು ಯಾಕೆ ಅನ್ನಿಸಿತು. ಸೌದೆಗೆ ಹೋಯಿತು. ಆಮೇಲೆ ಸೀಗಡಿ ಕೃಷಿಯ ಅಲೆ ಬಂತು. ಕಗ್ಗ ಬೆಳೆಯುತ್ತಿದ್ದ ಗಜನಿ ವರ್ಷಪೂರ್ತಿ ಉಪ್ಪುನೀರಿನ ಹೊಂಡವಾಯಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಎಷ್ಟೋ ಮಂದಿ ಕೈ ಸುಟ್ಟುಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಒಳಗೆ ಇಂಥ ಹೊಂಡಗಳು ಬೇಡ, ಹಳೆಯ ಪದ್ಧತಿಯವು ಮಾತ್ರ ಇರಲಿ ಎಂದು ತೀರ್ಪು ಕೊಟ್ಟಿತು. ಈಗ ಮಾಣಿಕಟ್ಟಾದ ರೈತರು ಒಟ್ಟಾಗಿ ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ಅರಣ್ಯ ಇಲಾಖೆ ಕಾಂಡ್ಲಾ ನೆಟ್ಟು ಬೆಳೆಸಿದೆ. ನೋಡಿದರೆ ಕಣ್ಣು ತಂಪಾಗುತ್ತದೆ.

ಒಂದೇ ಒಂದು ಎಚ್ಚರಿಕೆ ಹೇಳಬೇಕು. ಕಾಂಡ್ಲಾ ಒಳ್ಳೆಯದು ಅಂತ ಕಂಡ ಕಂಡ ಕೆಸರಿನಲ್ಲೆಲ್ಲ ನೆಡಬಾರದು. ಖಾಲಿ ಬಯಲು ಅಂತ ನಮಗೆ ಕಾಣುವ ಕೆಸರೇ ಬಳಚಿನ ಊರು. ಗಿಡ ನೆಡುವ ಮುಂಚೆ ಅಲ್ಲಿ ಕಾಲು ಸವರಿ ನಡೆಯುವ ಹೆಂಗಸರನ್ನು ಒಂದು ಮಾತು ಕೇಳಿ.

ಮರಳಿನ ವಿಷಯವೂ ಹೊಳೆಯದ್ದೇ. ಅಳಿವೆಯ ತಳದಿಂದ ಮರಳು ಎತ್ತಿದರೆ ಬಳಚಿನ ಹಾಸಿಗೆಯೇ ಎದ್ದುಹೋಗುತ್ತದೆ, ಅದು ನೇರ ಪೆಟ್ಟು. ಇನ್ನೊಂದು ಪೆಟ್ಟು ನಿಧಾನಕ್ಕೆ ಬೀಳುತ್ತದೆ. ನಮ್ಮ ಕಡಲತೀರದ ಮರಳು ಬಹುಪಾಲು ಹೊಳೆಗಳು ತಂದು ಹಾಕಿದ್ದು. ಮಳೆಗಾಲದಲ್ಲಿ ಅಲೆ ಅದನ್ನು ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ವಾಪಸ್ ತಂದು ಹಾಸುತ್ತದೆ. ಹೊಳೆಯಿಂದ ಬರುವುದು ಕಮ್ಮಿಯಾದರೆ ಈ ಕೊಡುಕೊಳ್ಳುವಿಕೆ ತಪ್ಪುತ್ತದೆ. ದಡ ಕೊರೆಯುತ್ತದೆ. ಮನೆ ಉಳಿಸಿಕೊಳ್ಳಬೇಕಲ್ಲ, ಕಲ್ಲಿನ ಗೋಡೆ ಹಾಕುತ್ತಾರೆ. ದಡದಲ್ಲಿ ಮನೆ ಇದ್ದವರನ್ನು ನಾನು ದೂರುವುದಿಲ್ಲ. ಆದರೆ ರಾತ್ರಿ ಅಲ್ಲಿಗೆ ಒಬ್ಬಳು ಬಸುರಿ ಬರುವವಳಿದ್ದಾಳೆ.

ಕಡಲಾಮೆ. ಆಲಿವ್ ರಿಡ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ತೀರಕ್ಕೆ ಮೊಟ್ಟೆ ಇಡಲು ಬರುತ್ತದೆ. ತಾನು ಹುಟ್ಟಿದ ಸೀಮೆಯ ದಡವನ್ನೇ ಹುಡುಕಿ ಬರುತ್ತದೆ. ಕಲ್ಲುಗೋಡೆ ಹತ್ತಲು ಅದಕ್ಕಾಗದು. ನಾನು ಹೊನ್ನಾವರದ ಕಾಸರಕೋಡಿನಲ್ಲಿ ಒಮ್ಮೆ ನೋಡಿದೆ. ಕತ್ತಲಲ್ಲಿ ಉಸಿರು ಕೇಳಿಸಿತು ಮೊದಲು. ದೊಡ್ಡ ಉಸಿರು, ದಣಿದ ಮನುಷ್ಯರದ್ದೇ ಅನ್ನಿಸುವ ಹಾಗೆ. ಹಿಂಗಾಲಲ್ಲಿ ಮೊಳ ಆಳದ ಹೊಂಡ ತೋಡಿತು. ಒಂದು ಕಾಲು ಮರಳು ಎತ್ತಿ ಪಕ್ಕಕ್ಕಿಟ್ಟರೆ ಇನ್ನೊಂದು ಕಾಲು ಒಳಗೆ. ಮೊಟ್ಟೆ ಇಡುವಾಗ ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ದೇಹದ ಹೆಚ್ಚಿನ ಉಪ್ಪನ್ನು ಹೊರಹಾಕುವ ರೀತಿ ಅಂತ ನನಗೆ ಗೊತ್ತಿತ್ತು. ಆದರೂ ನನ್ನ ಗಂಟಲು ಕಟ್ಟಿತು. ಸುಮಾರು ನೂರು ಮೊಟ್ಟೆ. ಮೇಲೆ ಮರಳು ಮುಚ್ಚಿ, ಮೈಯಿಂದ ತಟ್ಟಿ ಸಮ ಮಾಡಿ, ತಿರುಗಿ ನೋಡದೆ ಕಡಲಿಗೆ ಹೋಯಿತು. ಮರಿ ಹೊರಬರಲು 45ರಿಂದ 55 ದಿನ ಬೇಕು. ಮರಳು ಜಾಸ್ತಿ ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು, ತಂಪಿದ್ದರೆ ಗಂಡು. ಹೊರಬಂದ ಮರಿ ಬೆಳಕಿದ್ದ ಕಡೆ ಓಡುತ್ತದೆ. ಕಡಲ ಮೇಲಿನ ಆಕಾಶ ದಡಕ್ಕಿಂತ ಬೆಳ್ಳಗಿರುತ್ತದೆ, ಅದೇ ಅದರ ಗುರುತು. ನಮ್ಮ ರೆಸಾರ್ಟಿನ ದೀಪ, ರಸ್ತೆಯ ದೀಪ ಅದಕ್ಕಿಂತ ಬೆಳ್ಳಗಿದ್ದರೆ ಮರಿ ಊರ ಕಡೆ ಹೋಗಿ ಸಾಯುತ್ತದೆ.

ಹಿಂದೆ ಗೂಡು ಕಂಡರೆ ಮೊಟ್ಟೆ ತೆಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. ಈಗ ಕುಂದಾಪುರದಿಂದ ಕಾರವಾರದವರೆಗೆ ಎಷ್ಟೋ ಕಡೆ ಮೀನುಗಾರರೇ ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾರೆ. ಗೂಡಿನ ಸುತ್ತ ಬಲೆ ಕಟ್ಟಿ ನಾಯಿ, ನರಿಯಿಂದ ಕಾಯುತ್ತಾರೆ. ಮರಿ ಬಿಡುವ ದಿನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ ಇದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇತ್ತು. ಕಾಯ್ದೆಯನ್ನು ದಡಕ್ಕೆ ತಂದವರು ಈ ಜನ.

ಇನ್ನು ಆಳಸಮುದ್ರದ ಕಡೆಗೆ ಸ್ವಲ್ಪ ಬೇಗ ಹೋಗಿಬರುತ್ತೇನೆ. ನಿಮಗೆ ಪತ್ರಿಕೆಯಲ್ಲಿ ಸಿಗುವ ಸುದ್ದಿ ಹೆಚ್ಚಾಗಿ ಅಲ್ಲಿಯದೇ. ನಾನು ಚಿಕ್ಕವಳಿದ್ದಾಗ ರಂಪಣಿ ನೋಡಿದ್ದೆ. ದಡದಿಂದ ಬಲೆ ಬಳಸಿ ಊರಿಗೆ ಊರೇ ಎಳೆಯುತ್ತಿತ್ತು. ದಡಕ್ಕೆ ಮೀನು ಬಂದರೆ ಮಾತ್ರ ಹಿಡಿಯುವ ಬಲೆ ಅದು. 1970ರ ದಶಕದಲ್ಲಿ ಪರ್ಸೀನ್ ಬಂತು. ಮೀನಿನ ಹಿಂಡು ಇದ್ದಲ್ಲಿಗೇ ಹೋಗಿ ಸುತ್ತುವರಿಯುವ ಬಲೆ. ರಂಪಣಿ ಮೂಲೆ ಸೇರಿತು. ಟ್ರಾಲರ್ ತಳ ಗೋರುತ್ತದೆ. ಬೇಕಾದದ್ದರ ಜೊತೆ ಬೇಡದ್ದೆಲ್ಲ ಬರುತ್ತದೆ, ಬೆರಳುದ್ದದ ಮರಿಮೀನು ಸಮೇತ. ಆ ಮರಿಗಳು ಮೀನುಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತವೆ. ಕೊಳ್ಳುವವರು ಇರುವ ತನಕ ಅದನ್ನು ಯಾರೂ ವಾಪಸ್ ನೀರಿಗೆ ಎಸೆಯುವುದಿಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಮುಂದಿನ ವರ್ಷದ ಮೀನನ್ನು ಈ ವರ್ಷ ಪುಡಿ ಮಾಡುತ್ತಿದ್ದೇವೆ.

ತಾರ್ಲೆ ಮೀನಿನ ಗತಿ ನೋಡಿ, ಮಂಗಳೂರಿನವರ ಬೂತಾಯಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದಿತ್ತು. 2021ರಲ್ಲಿ 3,297 ಟನ್. ಅದಕ್ಕೆ ಕಡಲ ನೀರಿನ ಏರುಪೇರೂ ಕಾರಣ, ಅತಿ ಹಿಡಿತವೂ ಕಾರಣ. ಕಡಲು ತಾನಾಗಿ ಕೈಕೊಡುವ ವರ್ಷಗಳು ಬರುತ್ತವೆ. ಅಂಥ ವರ್ಷದಲ್ಲಿ ನಾವು ಮರಿಗಳನ್ನೂ ಬಳಿದರೆ ಚೇತರಿಸಿಕೊಳ್ಳಲು ಏನು ಉಳಿಯುತ್ತದೆ, ಅಲ್ವಾ?

ನಿಯಮಗಳು ಇಲ್ಲ ಅಂತಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನು ಮೊಟ್ಟೆ ಇಡುವ ಕಾಲ ಅದು. ಎಲ್‌ಇಡಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಬಲೆಯ ಕೊನೆಯ ಚೀಲಕ್ಕೆ ಚೌಕ ಕಣ್ಣು ಹಾಕಿದರೆ ಎಳೆಯುವಾಗಲೂ ಕಣ್ಣು ತೆರೆದೇ ಇರುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ. ಆಮೆ ಹೊರಗೆ ಜಾರುವ ಹಾಗೆ ಬಲೆಯೊಳಗೆ ಸರಳಿನ ಚೌಕಟ್ಟು ಕೂರಿಸಬಹುದು. ಅದನ್ನು ನಾವು ಸರಿಯಾಗಿ ಹಾಕದ ಕಾರಣಕ್ಕೆ ಅಮೆರಿಕ 2019ರಿಂದ ನಮ್ಮ ಕಡಲಿನ ಸೀಗಡಿ ಕೊಳ್ಳುವುದನ್ನೇ ನಿಲ್ಲಿಸಿತು. ನಿಯಮ ಇದೆ, ಸಾಧನ ಇದೆ. ದಡದಲ್ಲಿ ನಿಂತು ನೋಡುವವರು ಕಡಿಮೆ.

ಹಾಗಾದರೆ ಯಾವುದು ಫಲ ಕೊಟ್ಟಿದೆ? ನನಗೆ ತುಂಬ ಭರವಸೆ ಕೊಟ್ಟ ಜಾಗ ಕೇರಳದ ಕೊಲ್ಲಂ. ಅಲ್ಲಿ ಅಷ್ಟಮುಡಿ ಎಂಬ ಹಿನ್ನೀರು ಇದೆ. ನಮ್ಮ ಅಳಿವೆ ಬಾಗಿಲಲ್ಲಿ ಸಿಗುವ ಬಳಚಿನ ಜಾತಿಯೇ ಅಲ್ಲಿಯೂ ಸಿಗುತ್ತದೆ. ಹೊರದೇಶದ ಬೇಡಿಕೆ ಏರಿ, ಸಿಕ್ಕಿದ್ದನ್ನೆಲ್ಲ ತೆಗೆದು, 1990ರ ದಶಕದ ಆರಂಭದಲ್ಲಿ ಬಳಚು ಕುಸಿಯಿತು. ಆಗ ತೆಗೆಯುವವರು, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು, ಸರ್ಕಾರದವರು ಒಟ್ಟಿಗೆ ಕೂತರು. ಡಿಸೆಂಬರ್‌ನಿಂದ ಫೆಬ್ರವರಿ ತನಕ ತೆಗೆಯುವುದು ಬೇಡ. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದು ಬೇಡ. ಯಂತ್ರ ಬೇಡ, ಕೈಯಲ್ಲೇ ತೆಗೆಯೋಣ. ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ಬೇಕಾಗುವಷ್ಟು ಚಿಕ್ಕದನ್ನು ರಫ್ತಿಗೆ ಕೊಳ್ಳುವುದು ಬೇಡ. ಬಳಚು ಮತ್ತೆ ಬಂತು. 2014ರಲ್ಲಿ ಆ ಮೀನುಗಾರಿಕೆಗೆ ಮೆರೈನ್ ಸ್ಟೀವಾರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಸಂತತಿ ಮುಗಿಯದ ಹಾಗೆ ಹಿಡಿಯುವವರಿಗೆ ಕೊಡುವ ಪತ್ರ ಅದು. ಭಾರತದಲ್ಲಿ ಅದೇ ಮೊದಲು. ಇದನ್ನು ಓದಿದಾಗ ನನಗೆ ಐಗಳಕುರ್ವೆಯ ಆ ಮೂರನೇ ಬಳಚು ನೆನಪಾಯಿತು. ಚಿಕ್ಕದನ್ನು ವಾಪಸ್ ಒತ್ತುವುದನ್ನು ಆ ತಾಯಿಗೆ ಯಾವ ಅಧಿಕಾರಿಯೂ ಹೇಳಿಕೊಟ್ಟಿರಲಿಲ್ಲ.

ನಮ್ಮಲ್ಲೂ ಒಳ್ಳೆಯದಾಗಿದೆ. ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮಾತಿತ್ತು. ಜನ ಒಪ್ಪಲಿಲ್ಲ, ಅದು ಬರಲಿಲ್ಲ. 2024ರ ಜನವರಿ 31ರಂದು ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಅದಕ್ಕೆ ಮುಂಚೆ ರಾಜ್ಯದಲ್ಲಿ ರಂಗನತಿಟ್ಟಿಗೆ ಮಾತ್ರ ಇತ್ತು. ಹೊನ್ನಾವರದ ಅಪ್ಸರಕೊಂಡ–ಮುಗಳಿಯಲ್ಲಿ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮಕ್ಕೂ ದಾರಿಯಾಗಿದೆ. ಸಂತೋಷವೇ. ಆದರೆ ನಕ್ಷೆಯಲ್ಲಿ ಗೆರೆ ಎಳೆದದ್ದು ಅಳಿವೆಯ ಸುತ್ತ. ಆ ಗೆರೆಯೊಳಗೆ ಒಂದು ಕಲ್ಲೂ ಅಲುಗಿಸದೆ, ಇಲ್ಲಿ ಘಟ್ಟದ ಮೇಲೆ ನೀರು ತಿರುಗಿಸಿದರೆ ಸಾಕು, ಕೆಳಗಿನ ಉಪ್ಪಿನ ಹದ ಕೆಡುತ್ತದೆ. ರಾಮ್ಸಾರ್ ತಾಣದ ನಿರ್ವಹಣೆ ಯೋಜನೆ ಮಾಡುವಾಗ ಶಿರಸಿಯವರನ್ನೂ ಕರೆಯಿರಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಅವರು ಕರೆಯದಿದ್ದರೂ ನೀವೇ ಹೋಗಿ ಕೂರಿ.

ಮಾತು ಮುಗಿಸಿದ ಮೇಲೆ ಹಿರಿಯ ಕೃಷಿಕರೊಬ್ಬರು ಎದ್ದು ಕೇಳಿದರು: 'ಅಕ್ಕೋರೇ, ಬಯಲುಸೀಮೆಯಲ್ಲಿ ಕುಡಿಯಲಿಕ್ಕೆ ನೀರಿಲ್ಲ. ಬಳಚು ಉಳೀಲಿ ಅಂತ ಮನುಷ್ಯರಿಗೆ ನೀರು ಕೊಡಬೇಡಿ ಅಂದರೆ ಹೇಗೆ?'

ಕೇಳಬೇಕಾದ ಪ್ರಶ್ನೆ. ಬಾಯಾರಿದವರ ಎದುರು ಯಾರೂ ನೀರು ಕೊಡುವುದಿಲ್ಲ ಅನ್ನಬಾರದು. ನಾನು ಕೇಳುವುದು ಇಷ್ಟೇ. ಅಲ್ಲಿಯ ಹಿರಿಯರು ಕಟ್ಟಿದ ಕೆರೆಗಳ ಹೂಳು ಎಷ್ಟು ತೆಗೆದಿದ್ದೇವೆ? ಬಿದ್ದ ಮಳೆ ಎಷ್ಟು ಹಿಡಿದಿದ್ದೇವೆ? ಬೇಸಿಗೆಯಲ್ಲಿ ನಿಮ್ಮ ತೋಟದ ಬಾವಿಯೇ ತಳ ಕಾಣುತ್ತದೆ, ಹೊಳೆ ನೂಲಿನಷ್ಟಾಗುತ್ತದೆ. ಆ ನೀರನ್ನು ಒಯ್ಯಲಾಗದು. ಒಯ್ಯುವುದಿದ್ದರೆ ಮಳೆಗಾಲದ ನೀರು. ಅದನ್ನು ಹಿಡಿದಿಡಲು ಕಟ್ಟೆ ಬೇಕು. ಕಟ್ಟೆ ಬಂದರೆ ಕೆಳಗೆ ಏನಾಗುತ್ತದೆ ಅಂತ ಶರಾವತಿಯಲ್ಲಿ ನೋಡಿದ್ದೇವೆ. ಲೆಕ್ಕ ಹಾಕುವಾಗ ಎರಡೂ ಕಡೆಯ ಮನುಷ್ಯರನ್ನು ಸೇರಿಸಿ. ಬುಟ್ಟಿ ಹಿಡಿದವರೂ ಮನುಷ್ಯರೇ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದರು ಅಂತ ನಾನು ಹೇಳುವುದಿಲ್ಲ. ಆದರೆ ಚಿಪ್ಪನ್ನು ಬಟ್ಟಲಿಗೆ ವಾಪಸ್ ಹಾಕದೆ ಜೇಬಿಗೆ ಹಾಕಿಕೊಂಡರು.

ಹಿಂದಿನ ಸಾಲಿನಿಂದ ಏಳನೇ ತರಗತಿಯ ಹುಡುಗಿ ಎದ್ದಳು. 'ಇದನ್ನು ಶಂಕರಹೊಂಡದಲ್ಲಿ ಬಿಟ್ಟರೆ ಬದುಕುತ್ತದಾ?' ಇಲ್ಲ ಮಗಾ, ಅಲ್ಲಿ ಉಪ್ಪಿಲ್ಲ, ಬಾಯಿ ಬಿಡದೆ ಹಾಗೇ ಸಾಯುತ್ತದೆ ಅಂದೆ. ಹಾಗಾದರೆ ಜೀವ ಇರುವುದನ್ನು ಎಲ್ಲಿ ನೋಡುವುದು ಅಂತ ಕೇಳಿದಳು.

ಅವಳ ಶಿಕ್ಷಕರಿಗೆ ದಿನ ಹೇಳಿ ಬಂದಿದ್ದೇನೆ. ಮಳೆ ನಿಂತು, ನೀರು ಉಪ್ಪಾದ ಮೇಲೆ, ಹುಣ್ಣಿಮೆಯ ಆಸುಪಾಸು ಬನ್ನಿ. ಆಗ ಇಳಿತ ದೊಡ್ಡದಿರುತ್ತದೆ, ಕೆಸರು ದೂರದವರೆಗೆ ತೆರೆದಿರುತ್ತದೆ. ಹೊತ್ತು ಯಾವುದು ಅಂತ ಐಗಳಕುರ್ವೆಯ ತಾಯಿಯನ್ನು ಕೇಳಿ ಹಿಂದಿನ ದಿನ ತಿಳಿಸುತ್ತೇನೆ. ಅವರು ತಿಥಿ ಎಣಿಸಿ ಹೇಳುತ್ತಾರೆ, ತಪ್ಪುವುದಿಲ್ಲ. ಬದಲಿ ಬಟ್ಟೆ ತನ್ನಿ. ಚಪ್ಪಲಿ ದಡದಲ್ಲೇ ಬಿಡಬೇಕು.